ಹಳೇ ರೋಡ್ ಬೈಕಿಗೆ ಸೋರಾನಾ, ಟಿಯಾಗ್ರಾನಾ, 105ನಾ?

ಫ್ರೇಮ್ ಗಟ್ಟಿಯಾಗಿದೆ, ಚಕ್ರ ನೇರವಾಗಿದೆ, ಗೇರ್ ಮಾತ್ರ ಸವೆದು ಹೋಗಿದೆ. 2010ರ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ರೋಡ್ ಬೈಕ್ (ಬಾಗಿದ ಹ್ಯಾಂಡಲ್‌ನ ವೇಗದ ಸೈಕಲ್) ತೆಗೆದುಕೊಂಡ ಬಹಳ ಜನರ ಬೈಕ್ ಈಗ ಹೀಗಿದೆ. ನನ್ನದೂ ಅಂಥದ್ದೇ ಆಗಿತ್ತು. ಅಲ್ಯೂಮಿನಿಯಂ ಫ್ರೇಮ್, ಚಕ್ರದ ಅಂಚನ್ನು ಹಿಡಿಯುವ ರಿಮ್ ಬ್ರೇಕ್, ಜಪಾನಿನ ಶಿಮಾನೊ ಕಂಪನಿಯ 2300 ಸರಣಿಯ 8-ಸ್ಪೀಡ್ ಗೇರ್, ಅಂದರೆ ಹಿಂದೆ ಎಂಟು ಹಲ್ಲುಚಕ್ರ. ಮುಂದೆ 50/34 (50 ಮತ್ತು 34 ಹಲ್ಲಿನ ಎರಡು ರಿಂಗ್), ಹಿಂದೆ 12-25 ಕ್ಯಾಸೆಟ್ (12ರಿಂದ 25 ಹಲ್ಲಿನವರೆಗಿನ ಹಲ್ಲುಚಕ್ರಗಳ ಕಟ್ಟು). ಅದರ ಲಿವರ್‌ನಲ್ಲಿ (ಬ್ರೇಕಿಗೂ ಗೇರಿಗೂ ಇರುವ ಹಿಡಿ) ಹಿಂದಿನ ಚಿಕ್ಕ ಹಲ್ಲುಚಕ್ರಕ್ಕೆ ಇಳಿಯಬೇಕಾದರೆ ಹುಡ್ (ಲಿವರ್ ಮೇಲ್ಭಾಗದ ರಬ್ಬರ್ ಹೊದಿಕೆ) ಪಕ್ಕದ ಬಟನ್ ಅನ್ನು ಹೆಬ್ಬೆರಳಿನಿಂದ ಒತ್ತಬೇಕು. ಕೈ ಕೆಳಗೆ ಡ್ರಾಪ್ (ಹ್ಯಾಂಡಲ್‌ನ ಬಾಗಿದ ಕೆಳಭಾಗ) ಹಿಡಿದಿದ್ದರೆ ಹೆಬ್ಬೆರಳು ಅಲ್ಲಿಗೆ ಎಟುಕುವುದೇ ಇಲ್ಲ. ವೇಗವಾಗಿ ಇಳಿಯುವಾಗ ಗೇರ್ ಹಾಕಲು ಕೈ ಮೇಲೆ ತರಬೇಕು. ಬದಲಾಯಿಸಲೇಬೇಕು ಅಂತ ತೀರ್ಮಾನಿಸಿದ್ದು ಇದೇ ಕಾರಣಕ್ಕೆ. ಎದುರಿಗಿದ್ದದ್ದು ಶಿಮಾನೊದವೇ ಮೂರು ಗೇರ್ ಸೆಟ್: 9-ಸ್ಪೀಡ್ ಸೋರಾ, 10-ಸ್ಪೀಡ್ ಟಿಯಾಗ್ರಾ, 11-ಸ್ಪೀಡ್ 105.

ಹೋಲಿಸಿ ನೋಡುವ ಅವಕಾಶ ಸಿಕ್ಕಿದ್ದು ನಮ್ಮ ಭಾನುವಾರದ ಗುಂಪಿನಿಂದ. ಒಬ್ಬ ಗೆಳೆಯ ತನ್ನ ಹಳೇ ಬೈಕಿಗೆ ಸೋರಾ ಆರ್3000 ಹಾಕಿಸಿದ್ದ, ಇನ್ನೊಬ್ಬರ ಬೈಕಿನಲ್ಲಿ 105 ಆರ್7000 ಇತ್ತು. ನನ್ನದಕ್ಕೆ ಟಿಯಾಗ್ರಾ 4700 ಹಾಕಿಸಿದೆ. ಮೂರೂ ರಿಮ್ ಬ್ರೇಕ್, ಮೂರಕ್ಕೂ ಮುಂದೆ 50/34, ಹಿಂದೆ 11-34. ಫ್ರೇಮ್ ಅಳತೆ ಹೆಚ್ಚುಕಡಿಮೆ ಒಂದೇ, ಸೀಟ್ ಏರಿಸಿ ಇಳಿಸಿದರೆ ಸಾಕಾಗುತ್ತಿತ್ತು. ಹೆಬ್ಬಾಳದಿಂದ ದೇವನಹಳ್ಳಿ ಕಡೆಗೆ, ಅಲ್ಲಿಂದ ನಂದಿ ಬೆಟ್ಟಕ್ಕೆ ಹೋಗುವಾಗ ಬೈಕ್‌ಗಳನ್ನು ಅದಲು ಬದಲು ಮಾಡಿಕೊಂಡು ತುಳಿದೆವು. ವಾರದ ದಿನಗಳಲ್ಲಿ ಜಯನಗರದಿಂದ ಕೋರಮಂಗಲಕ್ಕೆ ಆಫೀಸಿಗೆ ಹೋಗಲೂ ಒಂದೊಂದನ್ನು ಬಳಸಿ ನೋಡಿದೆ.

ಮೊದಲು ಅಂಗಡಿಗೆ ಹೋಗುವ ಮುಂಚೆ ತಿಳಿದಿರಬೇಕಾದ ವಿಷಯ. ಯಾವ ಸೆಟ್ ಬೇಕು ಅನ್ನುವುದಕ್ಕಿಂತ ನಿಮ್ಮ ಹಿಂದಿನ ಚಕ್ರ ಯಾವುದನ್ನು ಒಪ್ಪುತ್ತದೆ ಅನ್ನುವುದು ಮುಖ್ಯ. ರಿಮ್ ಬ್ರೇಕ್ ಇರುವ ಈ ಕಾಲದ ರೋಡ್ ಬೈಕ್‌ಗಳಲ್ಲಿ ಹಿಂದಿನ ಹಬ್ (ಚಕ್ರದ ನಡುಭಾಗ) ಕೂರುವ ಜಾಗ 130 ಮಿ.ಮೀ. ಅಗಲ. ಇನ್ನೂ ಹಳೆಯ, 6-7 ಗೇರಿನ ಸ್ಟೀಲ್ ಬೈಕ್ ಆದರೆ 126 ಇರಬಹುದು, ಒಮ್ಮೆ ಅಳೆದು ನೋಡಿ. 8, 9, 10-ಸ್ಪೀಡ್ ಶಿಮಾನೊ ಕ್ಯಾಸೆಟ್‌ಗಳೆಲ್ಲ ಒಂದೇ ಉದ್ದದ ಫ್ರೀಹಬ್ (ಹಿಂದಿನ ಚಕ್ರದಲ್ಲಿ ಕ್ಯಾಸೆಟ್ ಹಿಡಿದಿರುವ ಭಾಗ) ಮೇಲೆ ಕೂರುತ್ತವೆ. ರೋಡ್ 11-ಸ್ಪೀಡ್‌ಗೆ ಬೇಕಾದ ಫ್ರೀಹಬ್ ಅದಕ್ಕಿಂತ 1.85 ಮಿ.ಮೀ. ಉದ್ದ. ಅಷ್ಟೇ ವ್ಯತ್ಯಾಸ, ಆದರೆ ಆ ಎರಡು ಮಿ.ಮೀ.ಗಿಂತ ಕಡಿಮೆ ಜಾಗಕ್ಕೋಸ್ಕರ ಹೊಸ ಚಕ್ರದ ಖರ್ಚು ಬೀಳುತ್ತದೆ.

ಇದಕ್ಕೆ ಒಂದು ದಾರಿ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಶಿಮಾನೊ ಎಚ್‌ಜಿ700 ಮತ್ತು ಎಚ್‌ಜಿ800 ಅನ್ನುವ 11-34 ಕ್ಯಾಸೆಟ್‌ಗಳು 11-ಸ್ಪೀಡ್ ಆದರೂ ಹಳೇ ಫ್ರೀಹಬ್ ಮೇಲೆ ಕೂರುತ್ತವೆ. ದೊಡ್ಡ ಹಲ್ಲುಚಕ್ರ ಸ್ಪೋಕ್‌ಗಳ ಕಡೆಗೆ ಸ್ವಲ್ಪ ಚಾಚಿಕೊಂಡಿರುತ್ತದೆ, ಅದರಿಂದ ಜಾಗ ಸಾಕಾಗುತ್ತದೆ. ನಮ್ಮ ಗುಂಪಿನ 105 ಬೈಕ್ ಹಳೇ ಚಕ್ರದಲ್ಲೇ ಓಡುತ್ತಿರುವುದು ಹೀಗೆ. ಆದರೆ 11-28, 11-30 ಹಾಕಬೇಕು ಅಂದರೆ ಚಕ್ರ ಬದಲಾಯಿಸಬೇಕು. ಹೊಸ 12-ಸ್ಪೀಡ್ 105 ಕಡೆ ನೋಡುವುದೇ ಬೇಡ, ಅದು ಡಿಸ್ಕ್ ಬ್ರೇಕ್ ಬೈಕ್‌ಗಳಿಗೆ ಮಾತ್ರ. ರಿಮ್ ಬ್ರೇಕ್ ಇಟ್ಟುಕೊಳ್ಳುವವರಿಗೆ 2018ರಲ್ಲಿ ಬಂದ ಆರ್7000 ಸರಣಿಯೇ 105ರಲ್ಲಿ ಕೊನೆಯದು.

ಈಗ ಬೆಟ್ಟಕ್ಕೆ ಬರೋಣ. ನಂದಿಯ ತುದಿ ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಕಾರಹಳ್ಳಿ ಕ್ರಾಸ್ ದಾಟಿದ ಮೇಲೆ ರಸ್ತೆ ಬಿಡುವೇ ಕೊಡದೆ ಏರುತ್ತದೆ, ಮೇಲಿನ ತಿರುವುಗಳಲ್ಲಿ ಇನ್ನೂ ಕಡಿದಾಗುತ್ತದೆ. ಅಲ್ಲಿ ನನ್ನಂಥವರ ವೇಗ ಗಂಟೆಗೆ 8 ಕಿ.ಮೀ. ಆಸುಪಾಸು. ಹಳೇ ಸೆಟ್‌ನಲ್ಲಿ ಅತಿ ಹಗುರ ಗೇರ್ ಅಂದರೆ ಮುಂದೆ 34, ಹಿಂದೆ 25. ಆ ವೇಗದಲ್ಲಿ ನಿಮಿಷಕ್ಕೆ 47 ಸುತ್ತು ತುಳಿದ ಹಾಗಾಗುತ್ತದೆ. ಮಂಡಿಯ ಮೇಲೆ ಭಾರವೆಲ್ಲ ಬೀಳುತ್ತದೆ. ಹಿಂದೆ 34 ಇದ್ದರೆ ಅದೇ ವೇಗಕ್ಕೆ 63 ಸುತ್ತು. ಕುಳಿತಲ್ಲೇ ಕುಳಿತು, ಉಸಿರಿನ ಲಯ ತಪ್ಪದೆ ತುಳಿಯಬಹುದು. ನನಗೆ ಈ ಬೆಟ್ಟ ಇಷ್ಟವಾಗಲು ಶುರುವಾಗಿದ್ದು 34 ಹಾಕಿಸಿದ ಮೇಲೆ.

ಗಮನಿಸಿ, ಈ ಸುಖ ಮೂರೂ ಸೆಟ್‌ಗಳಲ್ಲಿ ಒಂದೇ. ಸೋರಾದ 34 ಹಲ್ಲಿಗೂ 105ರ 34 ಹಲ್ಲಿಗೂ ಕಾಲಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಿಮಗೆ ಏರು ಮಾತ್ರ ಕಷ್ಟ, ಬೇರೆ ಎಲ್ಲ ಸರಿ ಇದೆ ಅನ್ನುವುದಾದರೆ ಪೂರ್ತಿ ಸೆಟ್ ಬೇಡವೇ ಬೇಡ. 8-ಸ್ಪೀಡ್ 11-34 ಕ್ಯಾಸೆಟ್, ಹೊಸ ಚೈನ್, ಶಿಮಾನೊದ 8-ಸ್ಪೀಡ್ ಸೆಟ್ ಆದ ಕ್ಲಾರಿಸ್ ಆರ್2000ದ ಲಾಂಗ್ ಕೇಜ್ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಹಾಕಿಸಿ, ಮುಗಿಯಿತು.

ಹಾಗಾದರೆ 9, 10, 11 ಅಂತ ಜಾಸ್ತಿ ಆಗುವ ಗೇರ್‌ಗಳು ಎಲ್ಲಿ ಸೇರುತ್ತವೆ? ಸೆಟ್ ಹೆಸರು ನೋಡುವ ಮೊದಲು ಇದನ್ನು ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 9-ಸ್ಪೀಡ್ 11-34ರಲ್ಲಿ ಹಲ್ಲುಗಳು ಹೀಗಿವೆ: 11, 13, 15, 17, 20, 23, 26, 30, 34. ಟಿಯಾಗ್ರಾ ಜೊತೆ ಬರುವ 10-ಸ್ಪೀಡ್‌ನಲ್ಲಿ 11, 13, 15, 17, 19, 21, 23, 26, 30, 34. ಅಂದರೆ ಸೋರಾದಲ್ಲಿ 17ರಿಂದ ನೇರ 20ಕ್ಕೆ ಹಾರುತ್ತದೆ. ಟಿಯಾಗ್ರಾದಲ್ಲಿ ಆ 20ರ ಜಾಗದಲ್ಲಿ 19 ಮತ್ತು 21 ಎರಡೂ ಸಿಗುತ್ತವೆ.

ಇದು ಕಾಗದದ ಮೇಲೆ ಚಿಕ್ಕದು, ಬಳ್ಳಾರಿ ರಸ್ತೆಯ ಎದುರು ಗಾಳಿಯಲ್ಲಿ ಚಿಕ್ಕದಲ್ಲ. ನಿಮಿಷಕ್ಕೆ 85 ಸುತ್ತು ತುಳಿಯುತ್ತೀರಿ, ಮುಂದೆ 50 ಇದೆ ಅಂತ ಇಟ್ಟುಕೊಳ್ಳಿ. 17ರಲ್ಲಿ ಗಂಟೆಗೆ ಸುಮಾರು 31.5 ಕಿ.ಮೀ., 19ರಲ್ಲಿ 28, 20ರಲ್ಲಿ 27ಕ್ಕೆ ಸ್ವಲ್ಪ ಕಡಿಮೆ, 21ರಲ್ಲಿ 25.5. ನಮ್ಮಂಥ ಭಾನುವಾರದವರು ಸಮತಟ್ಟು ರಸ್ತೆಯಲ್ಲಿ ಗಂಟೆಗಟ್ಟಲೆ ಹೋಗುವುದು ಇದೇ ವೇಗದಲ್ಲಿ, ಅಲ್ವಾ? ಸೋರಾದಲ್ಲಿ ನನಗೆ 17 ಭಾರ ಅನಿಸುತ್ತಿತ್ತು, 20ಕ್ಕೆ ಹಾಕಿದರೆ ಕಾಲು ಸುಮ್ನೆ ಗಿರಗಿರ ತಿರುಗಿದ ಹಾಗೆ. ಎರಡರ ಮಧ್ಯೆ ಬೇಕಾದ ಗೇರ್ ಅಲ್ಲಿ ಇಲ್ಲ. ಗುಂಪಿನಲ್ಲಿ ಮುಂದಿನವರ ಚಕ್ರ ಹಿಡಿದು ಹೋಗುವಾಗ ಇದು ಇನ್ನೂ ಜಾಸ್ತಿ ಗೊತ್ತಾಗುತ್ತದೆ, ಒಂದೋ ಹಿಂದೆ ಬೀಳುತ್ತೀರಿ ಇಲ್ಲವೇ ಬ್ರೇಕ್ ಮುಟ್ಟುತ್ತೀರಿ. ಟಿಯಾಗ್ರಾದಲ್ಲಿ 19ಕ್ಕೆ ಹಾಕಿ ಮಾತಾಡಿಕೊಂಡು ಹೋಗಬಹುದು.

105ರ 11-34ರಲ್ಲಿ ಹನ್ನೊಂದನೆಯ ಗೇರ್ ಎಲ್ಲಿ ಬಂತು ನೋಡಿ: 11, 13, 15, 17, 19, 21, 23, 25, 27, 30, 34. ಸಮತಟ್ಟು ರಸ್ತೆಯಲ್ಲಿ ಬಳಸುವ ಹಲ್ಲುಗಳೆಲ್ಲ ಟಿಯಾಗ್ರಾದವೇ. 26ರ ಬದಲಿಗೆ 25, 27 ಬಂದಿವೆ, ಅಷ್ಟೆ. ನಂದಿಯ ಕೆಳಗಿನ ಭಾಗದಲ್ಲಿ, ಏರು ಅಷ್ಟು ಕಡಿದಿಲ್ಲದ ಕಡೆ, ಆ 27 ಚೆನ್ನಾಗಿದೆ. ಸ್ಪರ್ಧೆಗೆ ತಯಾರಿ ಮಾಡುವವರಿಗೆ ಅದರ ಬೆಲೆ ಗೊತ್ತು. ನನಗೆ 26 ಸಾಕು. ಒಂಬತ್ತರಿಂದ ಹತ್ತಕ್ಕೆ ಹೋದಾಗ ಸಿಕ್ಕಿದ್ದು ದಿನವೂ ಉಪಯೋಗಕ್ಕೆ ಬಂತು. ಹತ್ತರಿಂದ ಹನ್ನೊಂದಕ್ಕೆ ಹೋದಾಗ ಸಿಕ್ಕಿದ್ದು ಬೆಟ್ಟದ ಒಂದು ಭಾಗಕ್ಕೆ ಮಾತ್ರ ಬಂತು.

ಕೈಗೆ ಸಿಗುವ ಅನುಭವದಲ್ಲಿ 105 ಮೇಲು, ಅದನ್ನು ಒಪ್ಪಲೇಬೇಕು. ಮುಂದಿನ ಚಿಕ್ಕ ರಿಂಗ್‌ನಿಂದ ದೊಡ್ಡದಕ್ಕೆ ಹಾಕಲು ಲಿವರ್ ತಳ್ಳಿದರೆ ಬೆರಳಿಗೆ ಕೆಲಸವೇ ಇಲ್ಲದ ಹಾಗಿರುತ್ತದೆ. ಮುಂದಿನ ಡಿರೇಲರ್‌ನಲ್ಲೇ ಕೇಬಲ್ ಬಿಗಿ ಮಾಡುವ ಸ್ಕ್ರೂ ಇದೆ, ಆದ್ದರಿಂದ ಮನೆಯಲ್ಲೇ ಸರಿಮಾಡಿಕೊಳ್ಳುವುದು ಸುಲಭ. ಹುಡ್ ಕೂಡ ತೆಳ್ಳಗಿದೆ, ಚಿಕ್ಕ ಕೈಯವರಿಗೆ ಹಿಡಿತ ಚೆನ್ನಾಗಿ ಸಿಗುತ್ತದೆ. ಟಿಯಾಗ್ರಾ ಇದಕ್ಕೆ ತುಂಬಾ ಹತ್ತಿರ ಬರುತ್ತದೆ, ಹಿಂದಿನ ಗೇರ್ ಹಾಕುವಾಗಲಂತೂ ಕಣ್ಣು ಮುಚ್ಚಿ ಕೊಟ್ಟರೆ ಯಾವುದು ಯಾವುದು ಅಂತ ನಾನು ಹೇಳಲಾರೆ. ಸೋರಾದಲ್ಲಿ ಲಿವರ್ ಸ್ವಲ್ಪ ಹೆಚ್ಚು ದೂರ ಸರಿಯುತ್ತದೆ, ಶಬ್ದವೂ ಗಟ್ಟಿ. ಅದು ನನಗೆ ಊರೊಳಗೆ ಇಷ್ಟವಾಯಿತು. ಸಿಗ್ನಲ್, ಹಂಪ್, ಪಕ್ಕಕ್ಕೆ ಬಂದು ನಿಲ್ಲುವ ಬಸ್, ಗುಂಡಿ. ಕ್ಷಣಕ್ಷಣಕ್ಕೂ ಗೇರ್ ಬದಲಾಯಿಸುವಾಗ ಗೇರ್ ಬಿತ್ತು ಅಂತ ಕಿವಿಗೆ ಕೇಳಿಸುವುದು ಒಳ್ಳೆಯದೇ. ಮೂರರಲ್ಲೂ ಕೇಬಲ್ ಹ್ಯಾಂಡಲ್ ಟೇಪ್ ಒಳಗೆ ಹೋಗುತ್ತದೆ, ನನ್ನ ಹಳೇ ಲಿವರ್‌ಗಳ ಹಾಗೆ ಬಟ್ಟೆ ಒಣಹಾಕುವ ಹಗ್ಗದಂತೆ ಎದುರಿಗೆ ತೂಗಾಡುವುದಿಲ್ಲ.

ಬ್ರೇಕ್ ವಿಷಯದಲ್ಲಿ ಹಣ ಉಳಿಸಲು ಹೋಗಬೇಡಿ. ನಂದಿ ಇಳಿಯುವಾಗ ತಿರುವಿನಾಚೆ ಕಾರು ನಿಂತಿರಬಹುದು, ಮಂಗಗಳು ರಸ್ತೆ ಮಧ್ಯೆ ಕುಳಿತಿರಬಹುದು. ಹೊಸ ಲಿವರ್ ಎಳೆಯುವ ಕೇಬಲ್ ಉದ್ದ ಹಳೇ ತಲೆಮಾರಿನ ಲಿವರ್‌ಗಿಂತ ಬೇರೆ. ಹೊಸ ಲಿವರ್ ಹಾಕಿಸಿ ಹಳೇ ಬ್ರೇಕ್ ಉಳಿಸಿಕೊಂಡರೆ ಪೂರ್ತಿ ಹಿಡಿತ ಸಿಗುವುದಿಲ್ಲ. ನಾನು ಟಿಯಾಗ್ರಾ ಲಿವರ್‌ಗೆ 105 ಆರ್7000 ಬ್ರೇಕ್ ಜೋಡಿ ಮಾಡಿಸಿದೆ. ಎರಡು ಬೆರಳಲ್ಲಿ ಬೈಕ್ ನಿಲ್ಲುತ್ತದೆ. ಆ ಬ್ರೇಕ್ ಒಳಗೆ 28 ಮಿ.ಮೀ. ಟೈರ್ ಕೂರುತ್ತದೆ, ಫ್ರೇಮ್‌ನಲ್ಲೂ ಜಾಗ ಇದ್ದರೆ ನಮ್ಮ ರಸ್ತೆಗಳಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಪೂರ್ತಿ 105ಕ್ಕೂ ಪೂರ್ತಿ ಟಿಯಾಗ್ರಾಕ್ಕೂ ನನಗೆ ಹೇಳಿದ ಬೆಲೆಯ ವ್ಯತ್ಯಾಸದಲ್ಲಿ ಈ ಬ್ರೇಕೂ ಬಂತು, ಒಳ್ಳೆಯ ಒಂದು ಜೊತೆ ಟೈರೂ ಬಂತು.

ಖರ್ಚು ಅಲ್ಲಿಗೇ ನಿಲ್ಲುವುದಿಲ್ಲ, ಚೈನ್ ಸವೆಯುತ್ತದೆ. ರಸ್ತೆ ಅಗೆತ, ಕಟ್ಟಡದ ಧೂಳು, ಮಳೆ ಬಂದರೆ ಆ ಧೂಳೇ ಕೆಸರು. ಈ ಊರಿನಲ್ಲಿ ಚೈನ್ ಬೇಗ ಹೋಗುತ್ತದೆ. 11-ಸ್ಪೀಡ್ ಚೈನ್ ತೆಳ್ಳಗಿರುತ್ತದೆ, ಬೆಲೆಯೂ ಜಾಸ್ತಿ. ಚೈನ್ ಚೆಕ್ಕರ್‌ನಲ್ಲಿ (ಚೈನ್ ಸವೆತ ಅಳೆಯುವ ಸಾಧನ) 0.5 ಶೇಕಡಾ ತೋರಿಸಿದ ಕೂಡಲೇ ಬದಲಾಯಿಸಬೇಕು, ಇಲ್ಲದಿದ್ದರೆ ಕ್ಯಾಸೆಟ್ ಹಾಳು. 9-ಸ್ಪೀಡ್‌ನಲ್ಲಿ 0.75ರವರೆಗೆ ಓಡಿಸಬಹುದು. ದಿನಾ ಆಫೀಸಿಗೆ ಸೈಕಲ್‌ನಲ್ಲೇ ಹೋಗುವವರಿಗೆ ನಾನು ಸೋರಾ ಹೇಳುವುದು ಇದಕ್ಕೇ.

ಚೀನಾದ ಒಂದು 11-ಸ್ಪೀಡ್ ಸೆಟ್ ಕೂಡ ಸ್ವಲ್ಪ ದೂರ ತುಳಿದು ನೋಡಿದೆ. ಒಂದೇ ಲಿವರ್, ಸಣ್ಣಗೆ ತಟ್ಟಿದರೆ ಒಂದು ಕಡೆ, ಉದ್ದ ತಳ್ಳಿದರೆ ಇನ್ನೊಂದು ಕಡೆ. ಹಗುರವಾಗಿದೆ, ಅಗ್ಗವೂ ಹೌದು. ಆದರೆ ಒಂದು ಬಿಡಿಭಾಗ ಮುರಿದರೆ ನಮ್ಮ ಬಡಾವಣೆಯ ಅಂಗಡಿಯಲ್ಲಿ ಸಿಗಬೇಕು ಅನ್ನುವವನು ನಾನು, ಅದಕ್ಕೆ ಬಿಟ್ಟೆ.

ಚಕ್ರವನ್ನೂ ಹೇಗೂ ಬದಲಾಯಿಸುತ್ತೀರಿ, ಸ್ಪರ್ಧೆಗಳಿಗೆ ಹೋಗುತ್ತೀರಿ ಅಂದರೆ 105 ಹಾಕಿಸಿ. ಊರೊಳಗೆ ದಿನದ ಓಡಾಟವೇ ಮುಖ್ಯ ಅಂದರೆ ಸೋರಾ. ಹಳೇ ಚಕ್ರ ಉಳಿಸಿಕೊಂಡು, ಭಾನುವಾರ ದೇವನಹಳ್ಳಿ, ಘಾಟಿ ಸುಬ್ರಹ್ಮಣ್ಯ, ನಂದಿ ಅಂತ ದೂರ ಹೋಗುವವರಿಗೆ ಟಿಯಾಗ್ರಾ 4700 ಬಿಟ್ಟು ಬೇರೆ ನಾನು ಹೇಳುವುದಿಲ್ಲ.

ಸೆಕೆಂಡ್‌ಹ್ಯಾಂಡ್ ತೆಗೆದುಕೊಳ್ಳುವುದಾದರೆ ಲಿವರ್ ಮೇಲೂ ಡಿರೇಲರ್ ಮೇಲೂ ಇರುವ ನಂಬರ್ ಓದಿ ಕೊಳ್ಳಿ. ಟಿಯಾಗ್ರಾ 4600 ಕೂಡ 10-ಸ್ಪೀಡೇ, ಹಳೇ 105 5700 ಕೂಡ 10-ಸ್ಪೀಡೇ. ಆದರೆ 4700 ಲಿವರ್ ಎಳೆಯುವ ಕೇಬಲ್ ಅಳತೆ 11-ಸ್ಪೀಡ್ ರೋಡ್ ಸೆಟ್‌ಗಳದ್ದು. ಅದನ್ನು 4600 ಅಥವಾ 5700 ಡಿರೇಲರ್‌ಗೆ ಕಟ್ಟಿದರೆ ಎಷ್ಟು ಸ್ಕ್ರೂ ತಿರುಗಿಸಿದರೂ ಗೇರ್ ಸರಿಯಾಗಿ ಕೂರುವುದಿಲ್ಲ. ಮಾರುವವರು "ಎರಡೂ ಟಿಯಾಗ್ರಾನೇ ಸಾರ್" ಅಂದರೂ ಲಿವರ್, ಹಿಂದಿನ ಡಿರೇಲರ್, ಮುಂದಿನ ಡಿರೇಲರ್ ಮೂರೂ 4700 ಇವೆಯಾ ನೋಡಿಕೊಂಡೇ ದುಡ್ಡು ಕೊಡಿ.