ಕ್ಲಿಪ್ ಹಾಕಿದ ಹಲ್ಲು ಜುಂ ಎಂದರೆ: ಯಾವ ಪೇಸ್ಟ್, ಯಾವಾಗ ವಾರ್ನಿಶ್?

ಕ್ಲಿಪ್ ಹಾಕಿಸಿಕೊಂಡವರಿಗೆ ಎರಡು ಬಗೆಯ ನೋವು. ವೈರ್ ಟೈಟ್ ಮಾಡಿಸಿದ ಮೇಲೆ ಕಚ್ಚಿದರೆ ನೋಯುವುದು ಒಂದು. ಅದು ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ, ಪೇಸ್ಟ್ ಬದಲಿಸಿ ಪ್ರಯೋಜನವಿಲ್ಲ. ತಡೆಯಲಾಗದಿದ್ದರೆ ಪ್ಯಾರಸಿಟಮಾಲ್ ಸಾಕು. ಐಬುಪ್ರೊಫೇನ್ ಹಲ್ಲು ಸರಿಯುವುದನ್ನು ನಿಧಾನಿಸಬಹುದೆಂದು ಕ್ಲಿಪ್ ಹಾಕುವ ಹಲವು ದಂತವೈದ್ಯರು (ಆರ್ಥೊಡಾಂಟಿಸ್ಟ್‌ಗಳು) ಅದನ್ನು ಬೇಡ ಎನ್ನುತ್ತಾರೆ. ತಣ್ಣೀರು ತಾಗಿದೊಡನೆ ಜುಂ ಎಂದು, ಕ್ಷಣದಲ್ಲೇ ಹೋಗುವುದು ಇನ್ನೊಂದು. ಇಲ್ಲಿನ ಹೋಲಿಕೆ ಇದರ ಮದ್ದುಗಳದ್ದು.

ಔಷಧಿ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 5% ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್. ಇದು ಹಲ್ಲಿನೊಳಗಿನ ನರವನ್ನು ಮಂಕಾಗಿಸುತ್ತದೆ, ತಂಪನ್ನು ನರಕ್ಕೆ ಮುಟ್ಟಿಸುವ ಹಲ್ಲಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚುವುದಿಲ್ಲ. ಹಾಗಾಗಿ ದಿನಕ್ಕೆರಡು ಸಲ ತಪ್ಪದೆ ಉಜ್ಜಿದರೂ ಗುಣ ಗೊತ್ತಾಗಲು 2ರಿಂದ 4 ವಾರ ಬೇಕು. ನಾಲ್ಕು ದಿನ ಹಚ್ಚಿ ‘ಏನೂ ಆಗಲಿಲ್ಲ’ ಎಂದು ಟ್ಯೂಬ್ ಎಸೆಯುವವರೇ ಹೆಚ್ಚು. ಕೊಳ್ಳುವಾಗ ಡಬ್ಬಿಯ ಹಿಂಬದಿ ಓದಿ: ಈ ಜಾತಿಯ ಕೆಲವು ಪೇಸ್ಟ್‌ಗಳಲ್ಲಿ ಫ್ಲೋರೈಡ್ ಇರುವುದೇ ಇಲ್ಲ. ಕ್ಲಿಪ್ ಇರುವ ಬಾಯಿಗೆ ಅದು ದೊಡ್ಡ ಕೊರತೆ. ಬ್ರಾಕೆಟ್ (ವೈರ್ ಹಿಡಿಯಲು ಹಲ್ಲಿಗೆ ಅಂಟಿಸುವ ಚಿಕ್ಕ ತುಂಡು) ಸುತ್ತ ಬಿಳಿ ಕಲೆ ಏಳುವುದನ್ನು ತಡೆಯುವುದು ಫ್ಲೋರೈಡೇ.

8% ಆರ್ಜಿನೈನ್ ಮತ್ತು ಕ್ಯಾಲ್ಸಿಯಂ ಕಾರ್ಬೊನೇಟ್ ಇರುವ ಪೇಸ್ಟ್ ರಂಧ್ರಗಳನ್ನೇ ಮುಚ್ಚುತ್ತದೆ. ಜುಂ ಎನ್ನುವ ಜಾಗಕ್ಕೆ ನೇರವಾಗಿ ಹಚ್ಚಿ 1 ನಿಮಿಷ ತಿಕ್ಕಿದರೆ ಆಗಲೇ ಹಗುರ. ಬೆರಳಿನಿಂದ ತಿಕ್ಕಿ ಎನ್ನುತ್ತದೆ ಡಬ್ಬಿ. ಆದರೆ ಬ್ರಾಕೆಟ್‌ಗೂ ವಸಡಿಗೂ ನಡುವಿನ ಸಣ್ಣ ಪಟ್ಟಿಗೆ ಬೆರಳು ಹೋಗುವುದಿಲ್ಲ, ಪೇಸ್ಟೆಲ್ಲ ಬ್ರಾಕೆಟ್ ಮೇಲೆ ಮೆತ್ತಿಕೊಳ್ಳುತ್ತದೆ. ಕಿವಿಗೆ ಬಳಸುವ ಹತ್ತಿಕಡ್ಡಿಯ ತುದಿಗೆ ಬಟಾಣಿಯಷ್ಟು ತೆಗೆದುಕೊಂಡು ವಸಡಿನ ಅಂಚಿನುದ್ದಕ್ಕೂ ಒತ್ತಿ ಓಡಿಸಿ. ನಿಂಬೆ ಶರಬತ್ತು, ಕೋಲಾ ದಿನವೂ ಕುಡಿಯುವವರಲ್ಲಿ ರಂಧ್ರಗಳ ಆ ಮುಚ್ಚಳ ಬೇಗ ಕರಗಬಹುದು.

ಬೇಗ ಬೇಕೆಂದರೆ ಆರ್ಜಿನೈನ್. ಕ್ಲಿಪ್ ತೆಗೆಯುವವರೆಗೆ ದಿನನಿತ್ಯಕ್ಕೆಂದರೆ ಫ್ಲೋರೈಡ್ ಇರುವ ಪೊಟ್ಯಾಸಿಯಂ ಪೇಸ್ಟ್. ಯಾವುದಾದರೂ ಸರಿ, ಉಜ್ಜಿದ ಮೇಲೆ ನೊರೆ ಉಗಿಯಿರಿ, ನೀರು ಹಾಕಿ ಮುಕ್ಕಳಿಸಬೇಡಿ. ಅರ್ಧ ಕೆಡುವುದು ಅಲ್ಲೇ.

ಎರಡೂ ಸೋತರೆ ಕ್ಲಿನಿಕ್‌ನಲ್ಲಿ ಹಲ್ಲಿಗೆ ಬಳಿಯುವ ಫ್ಲೋರೈಡ್ ಲೇಪ, ಅಂದರೆ ವಾರ್ನಿಶ್ (5% ಸೋಡಿಯಂ ಫ್ಲೋರೈಡ್; ಹತ್ತು ಲಕ್ಷ ಭಾಗಕ್ಕೆ 22,600 ಭಾಗ ಫ್ಲೋರೈಡ್). ವೈರ್ ಬದಲಿಸುವ ದಿನವೇ ಕೇಳಿ. ವೈರ್ ಬಿಚ್ಚಿದ್ದಾಗ ವಾರ್ನಿಶ್ ಹಚ್ಚುವ ಬ್ರಷ್ ಎಲ್ಲ ಕಡೆ ತಲುಪುತ್ತದೆ. ಹಚ್ಚಿದ ಮೇಲೆ 4ರಿಂದ 6 ಗಂಟೆ ಗಟ್ಟಿ ತಿಂಡಿ, ಬಿಸಿ ಪಾನೀಯ, ಬ್ರಷ್ ಬೇಡ. ಹಲ್ಲು ಹಳದಿಯಾಗಿ ಕಂಡರೆ ಗಾಬರಿ ಬೇಡ, ಉಜ್ಜಿದಾಗ ಹೋಗುತ್ತದೆ.

ಲವಂಗದ ಎಣ್ಣೆಗೆ ನಮ್ಮ ಓಟಿಲ್ಲ. ಏನೂ ಬೆರೆಸದೆ ಹಾಗೇ ಹಚ್ಚಿದರೆ ವಸಡು ಸುಡುತ್ತದೆ. ಬ್ರಾಕೆಟ್ ಕಿತ್ತುಬಂದ ಜಾಗದಲ್ಲಿ ಆ ಎಣ್ಣೆಯಲ್ಲಿನ ಯೂಜಿನಾಲ್ ಎಂಬ ಅಂಶ ಉಳಿದರೆ ಮತ್ತೆ ಅಂಟಿಸುವ ಅಂಟು ಸರಿಯಾಗಿ ಗಟ್ಟಿಯಾಗುವುದಿಲ್ಲ. ಇದ್ದಿಲ ಹಲ್ಲುಪುಡಿಯಂತೂ ವಸಡು ಸರಿದು ತೆರೆದುಕೊಂಡ ಹಲ್ಲಿನ ಬೇರನ್ನು ಇನ್ನಷ್ಟು ಸವೆಸುತ್ತದೆ.

ಒಂದು ಪೇಚು ಉಳಿಯಿತು. ಶಾಖಕ್ಕೆ ಬಿಗಿಯುವ ನಿಕಲ್-ಟೈಟಾನಿಯಂ ವೈರ್ ತಣ್ಣಗಾದಾಗ ಸಡಿಲವಾಗುತ್ತದೆ. ಹಾಗಾಗಿ ಐಸ್‌ನೀರು ಒತ್ತುವ ನೋವಿಗೆ ಆರಾಮ, ಜುಂ ಎನ್ನುವುದಕ್ಕೆ ಶತ್ರು. ಬಿಸಿ ಕಾಫಿಯದು ವೈರ್ ಬಿಗಿಯುವ ಕೆಲಸ. ಎರಡೂ ನೋವು ಒಟ್ಟಿಗಿದ್ದರೆ ಮಡಕೆ ನೀರಿನಷ್ಟು ತಂಪು ಸಾಕು.

ಒಂದೇ ಹಲ್ಲು ನೋಯುತ್ತಿದ್ದು, ತಣ್ಣನೆಯದು ಹೋದ ಮೇಲೂ ನೋವು ಅರ್ಧ ನಿಮಿಷ ಮೀರಿ ಉಳಿದರೆ, ಅಥವಾ ರಾತ್ರಿ ಸಿಡಿದರೆ, ಪೇಸ್ಟ್ ಬದಲಿಸುತ್ತಾ ಕೂರದೆ ಎಕ್ಸ್‌ರೇ ತೆಗೆಸಿ.