ಸಿಮ್ಯುಲೇಟರ್ ಸ್ಕ್ರೀನ್‌ಶಾಟ್‌ನಿಂದ 1944ರ ಫೋಟೋ: ಗಿಂಪ್ ಜೊತೆ ಕೆಲವು ವರ್ಷ

ಗಿಂಪ್‌ನಲ್ಲಿ 'ಓಲ್ಡ್ ಫೋಟೋ' ಅಂತ ಒಂದು ರೆಡಿಮೇಡ್ ಫಿಲ್ಟರ್ ಇದೆ. ಅದನ್ನು ನಂಬಿಕೊಂಡು ಚಿತ್ರ ತಿದ್ದುವ ಈ ಸಾಫ್ಟ್‌ವೇರ್ ಹಾಕಿಕೊಳ್ಳುವುದಾದರೆ ಬೇಡ ಅಂತ ಮೊದಲೇ ಹೇಳಿಬಿಡುತ್ತೇನೆ. ಒತ್ತಿದ ತಕ್ಷಣ ಚಿತ್ರ ಕಂದು ಬಣ್ಣಕ್ಕೆ ತಿರುಗುತ್ತದೆ, ಅಂಚು ಮಸುಕಾಗುತ್ತದೆ, ಗಿರ್ಮಿಟ್ ಮೇಲೆ ಸೇವು ಉದುರಿಸಿದ ಹಾಗೆ ಕಲೆಗಳು ಬೀಳುತ್ತವೆ. ಮದುವೆ ಆಮಂತ್ರಣ ಪತ್ರಿಕೆಗೆ ಸಾಕು. ಯುದ್ಧವಿಮಾನದ ಚಿತ್ರಕ್ಕೆ ಸಾಲದು.

ಆದರೂ ವರ್ಷಗಳಿಂದ ಇದನ್ನೇ ಬಳಸುತ್ತಿದ್ದೇನೆ. ನನ್ನ ಹುಚ್ಚು ಏನಪ್ಪಾ ಅಂದರೆ, ಬೆಳಗಾವಿಯ ಮಳೆಗಾಲದಲ್ಲಿ ಸಂಜೆ ಹೊರಗೆ ಹೋಗಲು ಆಗದಿದ್ದಾಗ 'ಐಎಲ್-2 ಗ್ರೇಟ್ ಬ್ಯಾಟಲ್ಸ್' ಅನ್ನುವ ವಿಮಾನದ ಆಟ (ಸಿಮ್ಯುಲೇಟರ್) ಹಚ್ಚಿ, ಹರಿಕೇನ್ ಅನ್ನುವ ಬ್ರಿಟಿಷ್ ಯುದ್ಧವಿಮಾನ ಹಾರಿಸುವುದು, ಸ್ಕ್ರೀನ್‌ಶಾಟ್ ತೆಗೆಯುವುದು, ಆಮೇಲೆ ಅದನ್ನು ಎರಡನೇ ಮಹಾಯುದ್ಧದಲ್ಲಿ ಯಾರೋ ನಿಜವಾಗಿ ಕ್ಲಿಕ್ಕಿಸಿದ ಫೋಟೋ ಥರ ಮಾಡುವುದು. ಈ ಕೆಲಸಕ್ಕೆ ಗಿಂಪ್ ಹೇಗೆ ಅನ್ನುವುದಷ್ಟೇ ಈ ವಿಮರ್ಶೆ. ಲೋಗೋ ಮಾಡುವವರು, ಮದುವೆ ಆಲ್ಬಮ್ ಮಾಡುವವರು ಬೇರೆ ಕಡೆ ಕೇಳಿ.

ಕಂದು ಬಣ್ಣದ ವಿಷಯ ಮೊದಲು ಮುಗಿಸೋಣ. ಹಳೆ ಫೋಟೋ ಅಂದರೆ ಸೀಪಿಯಾ ಅಂತ ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. ಸೀಪಿಯಾ ಅನ್ನುವುದು ಪ್ರಿಂಟನ್ನು ಬೇರೆಯಾಗಿ ಒಂದು ರಾಸಾಯನಿಕದಲ್ಲಿ ಅದ್ದಿ ತರಿಸುತ್ತಿದ್ದ ಬಣ್ಣ. ಸ್ಟುಡಿಯೋದಲ್ಲಿ ಕೂತು ತೆಗೆಸಿಕೊಂಡ ಅಜ್ಜ-ಅಜ್ಜಿ ಫೋಟೋಗೆ ಅದು ಸರಿ. ಯುದ್ಧಭೂಮಿಯಿಂದ ಪತ್ರಿಕೆಗೆ ಹೋಗಬೇಕಾದ ಪ್ರಿಂಟನ್ನು ಯಾರು ಅದ್ದುತ್ತಾ ಕೂರುತ್ತಾರೆ? ಅವು ಹೆಚ್ಚಾಗಿ ಅಪ್ಪಟ ಕಪ್ಪು-ಬಿಳುಪು. ಹಳದಿ ಬಂದಿದ್ದರೆ ಅದು ಆಮೇಲೆ, ಟ್ರಂಕಿನಲ್ಲಿ ಬಿದ್ದು ಬಿದ್ದು ಬಂದಿದ್ದು. ನನಗೆ ಬೇಕಾಗಿರುವುದು 1944ರಲ್ಲಿ ತೊಳೆದು ಒಣಗಿಸಿದ ದಿನದ ಫೋಟೋ, ಅಟ್ಟದಲ್ಲಿ ಸಿಕ್ಕ ಫೋಟೋ ಅಲ್ಲ.

ಗಿಂಪ್ ನನ್ನನ್ನು ಹಿಡಿದಿಟ್ಟಿದ್ದು 'ಮೋನೋ ಮಿಕ್ಸರ್'. ಕಲರ್ಸ್ ಮೆನುವಿನಲ್ಲಿ ಇದೆ. ಕೆಂಪು, ಹಸಿರು, ನೀಲಿ ಅಂತ ಮೂರು ಸ್ಲೈಡರ್. ಯಾವ ಬಣ್ಣ ಕಪ್ಪು-ಬಿಳುಪಿನಲ್ಲಿ ಎಷ್ಟು ಬೆಳ್ಳಗೆ ಕಾಣಬೇಕು ಅಂತ ನಾವೇ ಹೇಳಬಹುದು. ಸುಮ್ನೆ ಬಣ್ಣ ತೆಗೆಯುವ 'ಡಿಸ್ಯಾಚುರೇಟ್' ಒತ್ತಿದರೆ ಸಿಗುವುದು ಇವತ್ತಿನ ಕಪ್ಪು-ಬಿಳುಪು. ಆಗಿನ ಫಿಲ್ಮ್ ಬಣ್ಣಗಳನ್ನು ನೋಡುತ್ತಿದ್ದ ರೀತಿಯೇ ಬೇರೆ. ಆರ್ಥೋಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಕಾಣುತ್ತಲೇ ಇರಲಿಲ್ಲ, ಹಾಗಾಗಿ ಕೆಂಪು ಕಪ್ಪಾಗುತ್ತಿತ್ತು, ಹಳದಿಯೂ ಕಪ್ಪಗಾಗುತ್ತಿತ್ತು, ನೀಲಿ ಆಕಾಶ ಬೆಳ್ಳಗೆ ಬಿಟ್ಟುಕೊಳ್ಳುತ್ತಿತ್ತು. ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್‌ಗೆ ಎಲ್ಲಾ ಬಣ್ಣ ಕಾಣುತ್ತಿತ್ತು, ಆದರೆ ನೀಲಿ ಕಡೆಗೆ ಒಲವು ಜಾಸ್ತಿ. ಯುದ್ಧದ ಹೊತ್ತಿಗೆ ಪ್ಯಾಂಕ್ರೊಮ್ಯಾಟಿಕ್ ಸಾಕಷ್ಟು ಬಳಕೆಗೆ ಬಂದಿತ್ತು, ಆರ್ಥೋ ಕೂಡ ಪೂರ್ತಿ ಹೋಗಿರಲಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಬ್ರಿಟನ್ನಿನಲ್ಲಿದ್ದ ಹರಿಕೇನ್‌ನ ಪಕ್ಕದಲ್ಲಿ ಒಂದು ದುಂಡು ಗುರುತು ಇರುತ್ತದೆ: ನಡುವೆ ಕೆಂಪು, ಸುತ್ತ ಬಿಳಿ, ಆಮೇಲೆ ನೀಲಿ, ಹೊರಗೆ ಹಳದಿ ಬಳೆ. ಮೋನೋ ಮಿಕ್ಸರ್‌ನಲ್ಲಿ ಕೆಂಪನ್ನು ಮೆಲ್ಲಗೆ ಸೊನ್ನೆಗೆ ಇಳಿಸಿ, ನೀಲಿಯನ್ನು 0.7ರ ಹತ್ತಿರ ಏರಿಸಿ, ಉಳಿದಿದ್ದನ್ನು ಹಸಿರಿಗೆ ಕೊಡಿ. ಮೊದಲು ನಡುವಿನ ಚುಕ್ಕೆ ಕಪ್ಪಾಗುತ್ತದೆ. ಆಮೇಲೆ ಹೊರಗಿನ ಹಳದಿ ಬಳೆ ಬೂದಿಯಾಗಿ, ಕೊನೆಗೆ ವಿಮಾನದ ಮೈಬಣ್ಣದಲ್ಲೇ ಮುಳುಗಿಹೋಗುತ್ತದೆ. ನೀಲಿ ಬಳೆ ಮಾತ್ರ ತೆಳ್ಳಗೆ ತೇಲಿ ಬರುತ್ತದೆ. ಇಷ್ಟು ದಿನ ಹಳೆ ಫೋಟೋಗಳಲ್ಲಿ ಈ ಗುರುತು ಯಾಕೆ ವಿಚಿತ್ರವಾಗಿ ಕಾಣುತ್ತಿತ್ತು ಅಂತ ಆಗ ಗೊತ್ತಾಗುತ್ತದೆ. ಇನ್ನೊಂದು ಲಾಭ ತಾನಾಗಿಯೇ ಬರುತ್ತದೆ: ದೂರದ ಬೆಟ್ಟಗಳ ಮೇಲಿನ ಮಬ್ಬು ನೀಲಿ ಬಣ್ಣದ್ದೇ ಅಲ್ವಾ, ಹಾಗಾಗಿ ನೀಲಿ ಏರಿಸಿದಷ್ಟೂ ಬೆಟ್ಟಗಳು ಹಿಂದಕ್ಕೆ ಸರಿಯುತ್ತವೆ. ಬೇರೆ ಮಬ್ಬು ಬಳಿಯುವ ಕೆಲಸವೇ ಇಲ್ಲ.

ನನಗೆ ಇಷ್ಟವಾದದ್ದು ಬರ್ಮಾ ಕಡೆಯ ಯುದ್ಧ. ಅರ್ಜನ್ ಸಿಂಗ್ ಅವರ ಮುಂದಾಳತ್ವದಲ್ಲಿ ಭಾರತೀಯ ವಾಯುಪಡೆಯ ನಂ. 1 ಸ್ಕ್ವಾಡ್ರನ್ 1944ರಲ್ಲಿ ಇಂಫಾಲ್‌ನಿಂದ ಹರಿಕೇನ್ ಹಾರಿಸುತ್ತಿತ್ತು. ಆ ಕಡೆಯ ವಿಮಾನಗಳ ಗುರುತಿನಲ್ಲಿ ಕೆಂಪು ಇರುತ್ತಿರಲಿಲ್ಲ. ಜಪಾನೀಯರ ಗುರುತೇ ಕೆಂಪು ಸೂರ್ಯ, ಆಕಾಶದಲ್ಲಿ ಒಂದು ಕ್ಷಣ ಗೊಂದಲವಾದರೂ ನಮ್ಮವರೇ ನಮ್ಮವರನ್ನು ಹೊಡೆಯುತ್ತಾರೆ ಅಂತ ಕೆಂಪನ್ನು ತೆಗೆದು ಗಾಢ ನೀಲಿ, ತಿಳಿ ನೀಲಿ ಎರಡನ್ನೇ ಉಳಿಸಿದ್ದರು. ಈಗ ಆಟದಲ್ಲಿ ಕೊಟ್ಟಿರುವ ಬಣ್ಣದಲ್ಲೇ ಚಿತ್ರ ತೆಗೆದು ಕಪ್ಪು-ಬಿಳುಪು ಮಾಡಿದರೆ ನಡುವೆ ಕಪ್ಪು ಚುಕ್ಕೆ ಬರುತ್ತದೆ. ಬಲ್ಲವರು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಹಾಗಾಗಿ ಬಣ್ಣ ತೆಗೆಯುವ ಮೊದಲೇ ಗಿಂಪ್‌ನಲ್ಲಿ ಆ ಕೆಂಪನ್ನು ಆರಿಸಿ ತಿಳಿ ನೀಲಿಗೆ ತಿರುಗಿಸುತ್ತೇನೆ, ಹೊರಗಿನ ಹಳದಿಯನ್ನು ಮೈಬಣ್ಣದಿಂದ ಮುಚ್ಚುತ್ತೇನೆ. ಬಾಲದ ಮೇಲಿನ ಪಟ್ಟಿಗೂ ಅದೇ ಉಪಚಾರ. ಆಟದಲ್ಲಿ ಬರ್ಮಾ ನಕ್ಷೆ ಇಲ್ಲ. ರಷ್ಯಾದ ಕುಬಾನ್ ನಕ್ಷೆಯ ಕಾಡುಬೆಟ್ಟಗಳನ್ನು ಬೇಸಿಗೆಯಲ್ಲಿ ತೆಗೆದು ಬಣ್ಣ ಕಳೆದರೆ ಮಣಿಪುರ ಅಂತ ಸಾಗಿಹೋಗುತ್ತದೆ. ಬಣ್ಣದಲ್ಲಿ ಸಾಗುವುದಿಲ್ಲ.

ಗ್ರೇನ್ ವಿಷಯದಲ್ಲಿ ಎಲ್ಲರೂ ಅತಿ ಮಾಡುತ್ತಾರೆ. ಹಳೆ ಫೋಟೋ ಅಂದರೆ ಕಾಳುಕಾಳಾಗಿರಬೇಕು ಅನ್ನುವುದು ಪೂರ್ತಿ ನಿಜ ಅಲ್ಲ, ಅದು ಯಾವ ಕ್ಯಾಮೆರಾ ಅನ್ನುವುದರ ಮೇಲೆ ಹೋಗುತ್ತದೆ. ವಿಮಾನದಿಂದ ಕೈಯಲ್ಲಿ ಹಿಡಿದು ತೆಗೆಯುತ್ತಿದ್ದ ಅಮೆರಿಕದ ಕೆ-20 ಕ್ಯಾಮೆರಾದ ನೆಗೆಟಿವ್ 4×5 ಇಂಚು. 35 ಮಿ.ಮೀ. ಫಿಲ್ಮ್‌ಗಿಂತ ಸುಮಾರು 15 ಪಟ್ಟು ದೊಡ್ಡದು. ಅದರಲ್ಲಿ ಗ್ರೇನ್ ಹುಡುಕಿದರೂ ಸುಲಭಕ್ಕೆ ಸಿಗದು. ಅದೇ ರೆಕ್ಕೆಯಲ್ಲಿ ಕೂರಿಸಿ, ಗನ್ ಹೊಡೆದಾಗ ಓಡುತ್ತಿದ್ದ ಗನ್ ಕ್ಯಾಮೆರಾ 16 ಮಿ.ಮೀ. ಅದರ ಒಂದು ಫ್ರೇಮ್ 35 ಮಿ.ಮೀ.ದ ಹತ್ತರಲ್ಲೊಂದು ಪಾಲೂ ಇಲ್ಲ. ಅಲ್ಲಿ ಗ್ರೇನ್ ದಪ್ಪ ಇರಲಿ, ಅಲುಗಾಟ ಇರಲಿ, ಏನೂ ತೊಂದರೆ ಇಲ್ಲ. ಯಾವ ಕ್ಯಾಮೆರಾ ಅಂತ ಮೊದಲು ತೀರ್ಮಾನ ಮಾಡಿ, ಆಮೇಲೆ ಗ್ರೇನ್ ಹಾಕಿ.

ಹಾಕುವ ದಾರಿ ಗಿಂಪ್‌ನಲ್ಲಿ ಚೆನ್ನಾಗಿದೆ. ಮೇಲೆ ಒಂದು ಹೊಸ ಲೇಯರ್ (ಪದರ), ಅದಕ್ಕೆ ನಡುವಿನ ಬೂದಿ ಬಣ್ಣ ತುಂಬಿ, 'ಆರ್‌ಜಿಬಿ ನಾಯ್ಸ್' ಕೊಡಿ. ಮೂರೂ ಬಣ್ಣಕ್ಕೆ ಬೇರೆ ಬೇರೆ ನಾಯ್ಸ್ ಬರದ ಹಾಗೆ ಟಿಕ್ ತೆಗೆದುಬಿಡಿ. ಒಂದು ಪಿಕ್ಸೆಲ್‌ಗಿಂತ ಕಡಿಮೆ ಗಾಸಿಯನ್ ಬ್ಲರ್ (ಮಸುಕು) ಕೊಟ್ಟು, ಲೇಯರ್ ಮೋಡ್ 'ಗ್ರೇನ್ ಮರ್ಜ್' ಮಾಡಿ. ಆ ಬ್ಲರ್ ಬಿಟ್ಟರೆ ಫಿಲ್ಮ್ ಥರ ಕಾಣುವುದಿಲ್ಲ, ಕೇಬಲ್ ಕಿತ್ತ ಹಳೆ ಟಿವಿ ಥರ ಕಾಣುತ್ತದೆ.

16:9 ಚೌಕಟ್ಟು ಬೇಡವೇ ಬೇಡ. 4:5ಕ್ಕೆ ಕತ್ತರಿಸಿ. ಬ್ರಿಟಿಷ್ ವಾಯುಪಡೆ ಆರ್‌ಎಎಫ್‌ನ ಎಫ್-24 ಕ್ಯಾಮೆರಾ ಅನ್ನುವುದಾದರೆ 5×5 ಇಂಚು, ಅಂದರೆ ಪೂರ್ತಿ ಚೌಕ.

ಗಿಂಪ್ ಮಾಡಿಕೊಡಲಾಗದ್ದೂ ಒಂದಿದೆ, ಮತ್ತು ಅದೇ ಮುಖ್ಯ. ಕ್ಯಾಮೆರಾ ಎಲ್ಲಿ ನಿಂತಿತ್ತು ಅನ್ನುವುದು. ಸಿಮ್ಯುಲೇಟರ್‌ನಲ್ಲಿ ವಿಮಾನದ ಮೂಗಿನ ಮುಂದೆ ಎರಡು ಮೀಟರ್ ದೂರದಲ್ಲಿ, ನಡು ಆಕಾಶದಲ್ಲಿ ಕ್ಯಾಮೆರಾ ಇಡಬಹುದು. ಅಲ್ಲಿ ಯಾವ ಫೋಟೋಗ್ರಾಫರ್ ನಿಂತಿದ್ದ? ಪಕ್ಕದಲ್ಲಿ ಹಾರುವ ಇನ್ನೊಂದು ವಿಮಾನದ ಕಿಟಕಿಯಿಂದ ಕಾಣುವಷ್ಟೇ ನೋಟ ಇರಬೇಕು. ಸ್ವಲ್ಪ ದೂರ ನಿಂತು ಝೂಮ್ ಮಾಡಿ, ಅಗಲ ನೋಟ ಇಟ್ಟುಕೊಳ್ಳಬೇಡಿ. ನೆಲದ ಮೇಲಾದರೆ ನಿಂತ ಮನುಷ್ಯನ ಕಣ್ಣಿನ ಎತ್ತರ.

ನಮ್ಮ ಓಣಿಯಲ್ಲಿ ಏರ್‌ಫೋರ್ಸ್‌ನಿಂದ ರಿಟೈರ್ ಆದ ಕಾಕಾ ಒಬ್ಬರಿದ್ದಾರೆ. ರನ್‌ವೇ ಪಕ್ಕ ನಿಂತ ಹರಿಕೇನ್‌ನ ಚಿತ್ರ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಮೊಬೈಲ್ ಮೂಗಿನ ಹತ್ತಿರ ತಂದು ನೋಡಿದರು. ಗ್ರೇನ್ ಬಗ್ಗೆ, ಬಣ್ಣದ ಬಗ್ಗೆ ಒಂದು ಮಾತಿಲ್ಲ. "ತಮ್ಮಾ, ಮಂದಿ ಎಲ್ಲಿ ಅದಾರೋ? ಇಂಜಿನ್ ಚಾಲೂ ಐತಿ, ಗಾಲಿಗೆ ಅಡ್ಡ ಇಡೋ ಚಾಕ್ ಇಲ್ಲ, ಹತ್ರ ಒಬ್ಬ ಏರ್‌ಮನ್ ಇಲ್ಲ. ಇದೇನು ದೆವ್ವದ ವಿಮಾನ ಏನು?" ಅಂದರು. ಅಷ್ಟೇ. ಅದಾದ ಮೇಲೆ ನೆಲದ ಮೇಲಿನ ಚಿತ್ರಗಳನ್ನು ಹೆಚ್ಚು ಮಾಡುವುದಿಲ್ಲ. ಮಾಡಿದರೂ ಗಾಲಿ ಕಾಣದ ಹಾಗೆ ಕತ್ತರಿಸುತ್ತೇನೆ.

ಆಟಗಳನ್ನು ಕೊಂಡು ಆಡುವ ಸ್ಟೀಮ್ ಆ್ಯಪ್‌ನಲ್ಲಿ ಎಫ್12 ಒತ್ತಿ ಸ್ಕ್ರೀನ್‌ಶಾಟ್ ತೆಗೆಯುವವರು ಸೆಟ್ಟಿಂಗ್ಸ್‌ಗೆ ಹೋಗಿ ಕಂಪ್ರೆಸ್ ಮಾಡದ ಪ್ರತಿಯನ್ನೂ ಉಳಿಸುವ ಆಯ್ಕೆ ಆನ್ ಮಾಡಿಕೊಳ್ಳಿ. ಜೆಪೆಗ್ ಮೇಲೆ ಕರ್ವ್ಸ್ (ಕಪ್ಪು-ಬಿಳುಪಿನ ಮಟ್ಟ ಹೊಂದಿಸುವ ಗೆರೆ) ಎಳೆದರೆ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆಗಳು ಏಳುತ್ತವೆ. ಗಿಂಪ್‌ನಲ್ಲಿ ಚಿತ್ರದ ಪ್ರಿಸಿಷನ್ನನ್ನು 32 ಬಿಟ್‌ಗೆ ಏರಿಸಿಕೊಂಡು ಕೆಲಸ ಮಾಡಿದರೆ ಇನ್ನೂ ಒಳ್ಳೆಯದು, ಉಳಿದ ಪಟ್ಟೆಗಳನ್ನು ಗ್ರೇನ್ ನುಂಗುತ್ತದೆ.

ಕರ್ವ್ಸ್‌ನಲ್ಲಿ ನಾನು ಕಡುಕಪ್ಪನ್ನು ಸ್ವಲ್ಪ ಮೇಲಕ್ಕೆತ್ತಿ, ಅಚ್ಚ ಬಿಳಿಯನ್ನು ಸ್ವಲ್ಪ ಇಳಿಸುತ್ತೇನೆ. ಕಾಗದದ ಮೇಲಿನ ಫೋಟೋಗೆ ಕಂಪ್ಯೂಟರ್ ಪರದೆಯಷ್ಟು ಕಪ್ಪೂ ಇಲ್ಲ, ಅಷ್ಟು ಬಿಳುಪೂ ಇಲ್ಲ. ಇದನ್ನು ಪ್ರಿಂಟ್ ಹಾಕಿಸಲು ಹೋದಾಗ ಒಂದು ತಮಾಷೆ ಆಯಿತು. ಊರಿನ ಒಂದು ಫೋಟೋ ಲ್ಯಾಬ್‌ಗೆ ಮ್ಯಾಟ್ ಪೇಪರ್ ಹೇಳಿ ಫೈಲ್ ಕೊಟ್ಟು ಬಂದಿದ್ದೆ. ಸಂಜೆ ಹೋದರೆ ಕಪ್ಪು ಕಡುಕಪ್ಪಾಗಿದೆ, ಆಕಾಶ ಥಳಥಳ ಅನ್ನುತ್ತಿದೆ, ಗ್ರೇನ್ ಮಾಯ. ಹುಡುಗ ಖುಷಿಯಿಂದ, "ಫೋಟೋ ಭಾಳ ಡಲ್ ಇತ್ರಿ ಸರ್, ನಾನ ಸ್ವಲ್ಪ ಚಲೋ ಮಾಡೀನ್ರಿ" ಅಂದ. ಬೈಯುವುದು ಹೇಗೆ? ಅವನ ಲೆಕ್ಕದಲ್ಲಿ ಉಪಕಾರ ಮಾಡಿದ್ದ. ಈಗ ಫೈಲ್ ಹೆಸರಲ್ಲೇ 'ಏನೂ ಕರೆಕ್ಷನ್ ಬೇಡ' ಅಂತ ಹಾಕಿ ಕೊಡುತ್ತೇನೆ. ನಿಮ್ಮೂರಿನಲ್ಲೂ ಹೀಗೇ ಮಾಡಿ.

ಇನ್ನು ದೂರುಗಳು. ಗಿಂಪ್‌ಗೆ ದುಡ್ಡು ಕೊಡಬೇಕಿಲ್ಲ, ತಿಂಗಳ ಬಾಡಿಗೆ ಇಲ್ಲ, ಸಾಧಾರಣ ಕಂಪ್ಯೂಟರ್ ಸಾಕು. ನಿಜ. ಆದರೆ ತಾನಾಗಿಯೇ ಆಗಾಗ ಉಳಿಸಿಕೊಳ್ಳುವ ವ್ಯವಸ್ಥೆ ಅದರಲ್ಲಿ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದ ನಮ್ಮಂಥ ಕಡೆ ಇದು ಸಣ್ಣ ವಿಷಯ ಅಲ್ಲ. ಯುಪಿಎಸ್ ಇರಲಿ, ಇಲ್ಲದಿದ್ದರೆ ಕೈ ಕಂಟ್ರೋಲ್-ಎಸ್ ಮೇಲೇ ಇರಲಿ. 'ಸೇವ್' ಅಂದರೆ ಅದರದೇ ಎಕ್ಸ್‌ಸಿಎಫ್ ಫೈಲ್ ಮಾತ್ರ, ಜೆಪೆಗ್ ಬೇಕಾದರೆ 'ಎಕ್ಸ್‌ಪೋರ್ಟ್'. ಹೊಸಬರಿಗೆ ಇದು ತಲೆನೋವು, ಅಭ್ಯಾಸವಾದ ಮೇಲೆ ಏನಿಲ್ಲ.  ಕೆಳಗೆ ಕನ್ನಡದಲ್ಲಿ ಏನಾದರೂ ಬರೆಯುವುದಾದರೆ ಯೂನಿಕೋಡ್ ಸರಿಯಾಗಿ ಮೂಡುತ್ತದೆ, ಒತ್ತಕ್ಷರ ಒಡೆಯುವುದಿಲ್ಲ. ಹಳೆ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಮಾತ್ರ ಅರ್ಥವಿಲ್ಲದ ಅಕ್ಷರ ಬರುತ್ತದೆ.

ಗಿಂಪ್‌ನ ಹಳೆ ಆವೃತ್ತಿ 2.10ರಲ್ಲಿ ನನಗಿದ್ದ ದೊಡ್ಡ ಸಂಕಟ ಎಂದರೆ ಫಿಲ್ಟರ್ ಒಮ್ಮೆ ಹಾಕಿದರೆ ಮುಗಿಯಿತು. ಮೋನೋ ಮಿಕ್ಸರ್ ಆದ ಮೇಲೆ ಇನ್ನೂ ಐದಾರು ಹಂತ ಮುಂದೆ ಹೋಗಿ, ನೀಲಿ ಸ್ವಲ್ಪ ಕಡಿಮೆ ಮಾಡಬೇಕಿತ್ತು ಅನ್ನಿಸಿದರೆ ಮತ್ತೆ ಮೊದಲಿನಿಂದ. ಪ್ರತಿ ಹಂತಕ್ಕೂ ಲೇಯರ್‌ನ ನಕಲು ಇಟ್ಟುಕೊಂಡು ಒದ್ದಾಡುತ್ತಿದ್ದೆ. 2025ರ ಮಾರ್ಚ್‌ನಲ್ಲಿ ಬಂದ 3.0ರಲ್ಲಿ ಇದು ಸರಿಹೋಗಿದೆ. ಫಿಲ್ಟರ್‌ಗಳು ಲೇಯರ್ ಮೇಲೆ ಹಾಗೇ ಕೂರುತ್ತವೆ, ಯಾವಾಗ ಬೇಕಾದರೂ ತೆರೆದು ಬದಲಾಯಿಸಬಹುದು, ಬೇಡವಾದರೆ ಮುಚ್ಚಿಡಬಹುದು. ಈ ಒಂದು ಬದಲಾವಣೆಯಿಂದ ನನ್ನ ಕೆಲಸ ಅರ್ಧಕ್ಕರ್ಧ ಇಳಿದಿದೆ. ಹಳೆ ಪೈಥಾನ್ ಪ್ಲಗಿನ್‌ಗಳು ಮಾತ್ರ 3.0ರಲ್ಲಿ ಹಾಗೇ ಓಡುವುದಿಲ್ಲ. ಅವನ್ನೇ ನಂಬಿಕೊಂಡವರು ಯೋಚಿಸಿ ಬದಲಾಯಿಸಿ.

ಇನ್ನೊಂದು ಮಾತು, ಇದು ಗಿಂಪ್ ಬಗ್ಗೆ ಅಲ್ಲ, ಬಳಸುವವರ ಬಗ್ಗೆ. ನಮ್ಮ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣವನ್ನು ಆರ್‌ಎಎಫ್ 1942ರಲ್ಲಿ ಕಟ್ಟಿದ್ದು, ಯುದ್ಧಕಾಲದಲ್ಲಿ ಅಲ್ಲಿ ತರಬೇತಿ ನಡೆಯುತ್ತಿತ್ತು. ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಹಾಕಿದಾಗ ಸೋದರಮಾವ, "ಇದು ಸಾಂಬ್ರಾದ್ದೇನೋ? ಕಳಸಲಾ ಎಲ್ಲಾರಿಗೂ?" ಅಂತ ಕೇಳಿದರು. ಬೇಡ ಅಂದೆ. ಚಿತ್ರ ಚೆನ್ನಾಗಿ ಬಂದಷ್ಟೂ ಈ ಅಪಾಯ ಜಾಸ್ತಿ. ಒಮ್ಮೆ ಫಾರ್ವರ್ಡ್ ಆಗಿ ಹೊರಟರೆ ಅದು ಇತಿಹಾಸ ಆಗಿಬಿಡುತ್ತದೆ, ನಾಳೆ ಯಾರೋ ಶಾಲೆಯ ಪ್ರಾಜೆಕ್ಟ್‌ಗೆ ಅಂಟಿಸುತ್ತಾರೆ. ಹಾಗಾಗಿ 'ಸಿಮ್ಯುಲೇಟರ್ ಚಿತ್ರ, ನಿಜವಾದ ಫೋಟೋ ಅಲ್ಲ' ಅಂತ ಚಿತ್ರದ ಒಳಗೇ, ವಿಮಾನದ ಹತ್ತಿರ ಬರೆಯುತ್ತೇನೆ. ಅಂಚಿನಲ್ಲಿ ಬರೆದರೆ ಮಂದಿ ಕತ್ತರಿಸುತ್ತಾರೆ. ಅಂದ ಸ್ವಲ್ಪ ಕೆಡುತ್ತದೆ, ಕೆಡಲಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ತಾನಾಗಿ ಉಳಿಸಿಕೊಳ್ಳದ್ದಕ್ಕೆ. ಹೊಸದಾಗಿ ಶುರು ಮಾಡುವವರು ನೇರ 3.0 ಹಾಕಿಕೊಳ್ಳಿ, ಮೋನೋ ಮಿಕ್ಸರ್ ಮತ್ತು ಕರ್ವ್ಸ್ ಎರಡರಲ್ಲೇ ಒಂದಷ್ಟು ದಿನ ಆಡಿ. ಜಿಮಿಕ್ ಅನ್ನುವ ಪ್ಲಗಿನ್‌ನಲ್ಲಿ ಹಳೆ ಫಿಲ್ಮ್‌ಗಳ ಸಿದ್ಧ ಮಾದರಿಗಳು ರಾಶಿ ಇವೆ. ಅದಕ್ಕೆ ಕೈ ಹಾಕುವುದು ಆಮೇಲೆ.