‘ನಮ್ ಮಕ್ಳು ಓದ್ತಾರೆ’ ಅಂತ ಬೀಗೋರು ಓದ್ಬೇಕಾದ ಬುಕ್ಕು

ಬುಕ್ಕು: ದಿ ಏಷ್ಯನ್ ಅಮೆರಿಕನ್ ಅಚೀವ್‌ಮೆಂಟ್ ಪ್ಯಾರಡಾಕ್ಸ್. ಬರೆದೋರು ಜೆನಿಫರ್ ಲೀ, ಮಿನ್ ಝೌ, ಇಬ್ರೂ ಸೋಷಿಯಾಲಜಿ ಪ್ರೊಫೆಸರ್‌ಗಳು. 2015ರಲ್ಲಿ ಬಂದಿದ್ದು, ರಸೆಲ್ ಸೇಜ್ ಫೌಂಡೇಶನ್ ಪಬ್ಲಿಷ್ ಮಾಡಿದ್ದು. ಅಮೆರಿಕಾಗೆ ವಲಸೆ ಬಂದ ಚೈನೀಸ್, ವಿಯೆಟ್ನಾಮೀಸ್ ಜನರ ಮಕ್ಳು ಓದಲ್ಲಿ ಯಾಕೆ ಮುಂದೆ ಅಂತ, ಮೆಕ್ಸಿಕನ್ ಮಕ್ಳ ಜೊತೆ ಹೋಲಿಸಿ ನೋಡೋ ಬುಕ್ಕು.

ನಮ್ ಸಂಸ್ಕಾರನೇ ಹಂಗೆ ಕಣ್ರೀ, ಅದಕ್ಕೇ ನಮ್ ಮಕ್ಳು ಮುಂದೆ ಬರ್ತಾರೆ, ಮೆಕ್ಸಿಕನ್ ಮಕ್ಳು ಓದಲ್ಲ ಅಂತ ಅಮೆರಿಕಾದ ಕನ್ನಡ ಕೂಟದ ಊಟದಲ್ಲಿ ಭಾಷಣ ಬಿಗಿಯೋರು ಇರ್ತಾರಲ್ಲ, ಅವ್ರ ಕೈಗೆ ಇದನ್ನ ಕೊಡ್ಬೇಕು. ಏಷ್ಯಾದೋರಿಗೆ ಬಾಗಿಲು ತೆಗೆದ 1965ರ ಇಮಿಗ್ರೇಶನ್ ಕಾನೂನು ಆದ್ಮೇಲೆ ಅಮೆರಿಕಾಗೆ ಬಂದ ಚೈನೀಸ್ ಜನ ಯಾರು ಅಂತ ನೋಡಿದ್ರೆ ಅರ್ಧಕ್ಕಿಂತ ಜಾಸ್ತಿ ಡಿಗ್ರಿ ಆದೋರು, ಅದೇ ಚೀನಾದಲ್ಲಿ ಈ ಬುಕ್ ಬರೆಯೋ ಹೊತ್ತಿಗೆ ಡಿಗ್ರಿ ಆದೋರು ಇದ್ದಿದ್ದು 4% ಅಷ್ಟೇ. ಅಂದ್ರೆ ಸೋಸಿ ಸೋಸಿ ಕಳ್ಸಿದ ಜನ. ಎಚ್-1ಬಿ ಕೆಲಸದ ವೀಸಾ ಮೇಲೆ ಬಂದ ನಮ್ ಬಿಇ ಬಳಗದ ಕಥೆನೂ ಅದೇ ತಾನೆ?

ಲಾಸ್ ಏಂಜಲೀಸ್ ಕಡೆ ಚೈನೀಸ್ ಯೆಲ್ಲೋ ಬುಕ್ ಅಂತ ಒಂದು ಡೈರೆಕ್ಟರಿ ಇದೆಯಂತೆ, 1,500 ಪೇಜು, ಅದ್ರಲ್ಲಿ ಅಂಗಡಿ ಟ್ಯೂಷನ್ ನಂಬರ್ ಜೊತೆಗೆ ಹೈಸ್ಕೂಲ್‌ಗಳ ರ್‍ಯಾಂಕಿಂಗೂ ಹಾಕಿರ್ತಾರಂತೆ! ಹಂಗಾಗಿ ಹೋಟೆಲಲ್ಲಿ ಪಾತ್ರೆ ತೊಳೆಯೋ ಅಪ್ಪಂಗೂ ಯಾವ ಸ್ಕೂಲ್ ಏರಿಯಾದಲ್ಲಿ ಮನೆ ಮಾಡ್ಬೇಕು ಅಂತ ಗೊತ್ತಾಗುತ್ತೆ.

ನಂಗೆ ತಲೆಲಿ ಕೂತ್ಬಿಟ್ಟಿದ್ದು ಒಬ್ಳು ವಿಯೆಟ್ನಾಮೀಸ್ ಹುಡುಗಿ ಕಥೆ. ಬರೀ ಸಿ ಗ್ರೇಡ್ ತಗೊಳ್ತಿದ್ಲು, ಎಪಿ (ಹೈಸ್ಕೂಲಲ್ಲೇ ಕಾಲೇಜ್ ಲೆವೆಲ್ ಪಾಠ) ಟೆಸ್ಟಲ್ಲೂ ಫೇಲು, ಆದ್ರೂ ಅವ್ಳನ್ನ ಎಪಿ ಕ್ಲಾಸಿಗೆ ಹಾಕಿದ್ರು, ಅಲ್ಲಿ ಕೂತ್ಮೇಲೆ ಓದೋಕೆ ಶುರು ಮಾಡಿ 4.2 ಜಿಪಿಎ (ಗ್ರೇಡ್ ಸರಾಸರಿ, ಮಾಮೂಲಿ 4ಕ್ಕೆ, ಎಪಿ ಕ್ಲಾಸಿಗೆ ಎಕ್ಸ್‌ಟ್ರಾ ಪಾಯಿಂಟು) ತಗೊಂಡು ಫಾರ್ಮಸಿ ಸೀಟ್ ಹೊಡೆದ್ಲು. ಏಷ್ಯನ್ ಮಕ್ಳು ಅಂದ್ರೆ ಜಾಣರೇ ಅಂತ ಟೀಚರ್ಸ್ ಮೊದ್ಲೇ ನಂಬಿರ್ತಾರೆ, ಆ ನಂಬಿಕೆನೇ ಮಕ್ಳನ್ನ ಎತ್ತುತ್ತೆ ಅಂತಾರೆ ಈ ಪ್ರೊಫೆಸರ್‌ಗಳು. ಈ ಲಾಟ್ರಿ ಮೆಕ್ಸಿಕನ್ ಮಕ್ಳಿಗೆ ಹೊಡೆಯಲ್ಲ. ಆದ್ರೂ ಅಪ್ಪ ಅಮ್ಮ ಎಲ್ಲಿದ್ರು ಅಲ್ಲಿಂದ ಅಳೆದ್ರೆ ಜಾಸ್ತಿ ದೂರ ಬಂದಿರೋರು ಅವ್ರೇ, ಹೈಸ್ಕೂಲ್ ಮುಗಿಸೋರ ಪ್ರಮಾಣ ಒಂದೇ ತಲೆಮಾರಲ್ಲಿ ಡಬಲ್.

ಇನ್ನೊಂದು ಕಡೆ ಡಾಕ್ಟ್ರು ಲಾಯರ್ರು ಇಂಜಿನಿಯರ್ರು ಆಗ್ದೇ ಇರೋ ಚೈನೀಸ್ ಹುಡುಗ್ರು ನಾವು ಚೈನೀಸೇ ಅಲ್ಲ ಅನ್ನೋ ಥರ ದೂರ ಸರಿತಾರೆ, ಅದನ್ನ ಓದುವಾಗ ಹೊಟ್ಟೆ ಚುರ್ ಅನ್ನುತ್ತೆ.

ಕಂಪ್ಲೇಂಟ್ ಏನಪ್ಪಾ ಅಂದ್ರೆ ಹೇಳಿದ್ದನ್ನೇ ಹೇಳೋ ಪ್ರೊಫೆಸರ್ ಚಾಳಿ ಇದೆ, ಇಂಡಿಯನ್ಸ್ ಬಗ್ಗೆ ವಿಶೇಷವಾಗಿ ಏನೂ ಇಲ್ಲ, ಅದನ್ನ ನಾವೇ ಜೋಡಿಸ್ಕೊಂಡು ಓದ್ಬೇಕು. 4 ಸ್ಟಾರ್. ಅಂಕಿ ಅಂಶದ ಟೇಬಲ್ ಬಂದ್ರೆ ಹಾರಿಸಿ, ಮಕ್ಕಳು ಮಾತಾಡೋ ಭಾಗ ಮಾತ್ರ ಬಿಡ್ಬೇಡಿ.